ಜಗಲಿ ಮೇಲಿನ ಡಿಸ್ಕ್

ರಬಕವಿಯ ನಮ್ಮ ಮನೆಯಲ್ಲಿ ಸೀರೆಯ ಡಿಸೈನನ್ನು ಯಾರೂ ಅಳಿಸುವುದಿಲ್ಲ. ಕೆಟ್ಟ ಬುಟ್ಟಾ, ಸೊಟ್ಟ ಸೆರಗು, ಗಿರಾಕಿ ಬೇಡವೆಂದು ಬಿಟ್ಟುಹೋದ ದಡಿ, ಎಲ್ಲವೂ ಉಳಿದಿರಲೇಬೇಕು ಎಂಬುದು ಮಾವ ಶಿವಯೋಗೆಪ್ಪನವರ ಹಟ. ಮಗ್ಗಗಳಿಗೆ ಡಿಸೈನು ಕಳಿಸುವ ಕಂಪ್ಯೂಟರ್ ಜಾಗ ಸಾಲದೆ ನಿಂತರೆ ಮಗ್ಗಗಳೂ ನಿಲ್ಲುತ್ತವೆ. ಆಗ ಎಲ್ಲರೂ ಸೊಸೆಯಾದ ನನ್ನನ್ನು ಕೂಗುತ್ತಾರೆ. ಮದುವೆಯಾದಾಗಿನಿಂದ ತವರಿನಲ್ಲಿ ಒಂದು ರಾತ್ರಿಯೂ ನೆಮ್ಮದಿಯಾಗಿ ಮಲಗಿಲ್ಲ.

ಈ ಸಲ ಜಮಖಂಡಿಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿತು. ಮಾವ ಬೇಡವೆನ್ನಲಿಲ್ಲ.

“ಹೋಗವಾ. ಆದ್ರ ಒಂದ್ ತಿಂಗಳ ನೀ ಕೈ ಹಚ್ಚಬ್ಯಾಡ. ಮಷಿನ್ ತಾನ ನಡದ್ರ ನಂದೇನೂ ತಕರಾರಿಲ್ಲ.”

ಕೂತು ಕಂಪ್ಯೂಟರ್ ತಾನೇ ಪಾಲಿಸುವ ಆಜ್ಞೆಗಳ ಒಂದು ಶೆಲ್ ಸ್ಕ್ರಿಪ್ಟ್ ಬರೆದೆ. ದಿನಾ ಸಂಜೆ ಅದು ತಾನಾಗಿ ಓಡಿ, ಎಲ್ಲ ಡಿಸೈನುಗಳನ್ನು ಪಕ್ಕದಲ್ಲಿ ಜೋಡಿಸಿದ ಹೊರಗಿನ ಡಿಸ್ಕಿಗೆ ನಕಲು ಮಾಡುತ್ತಿತ್ತು. ಅಲ್ಲಿ ಭದ್ರವಾಗಿರುವ ಹಳೆಯದನ್ನು ಮಾತ್ರ ಕಂಪ್ಯೂಟರಿನಿಂದ ತೆಗೆದು ಜಾಗ ಮಾಡುತ್ತಿತ್ತು. ಕೈಕಟ್ಟಿ ಕುಳಿತೆ. ಎಷ್ಟು ಸುಖವಾಗಿತ್ತು!

ಅಮವಾಸ್ಯೆ ಬಂತು. ಅಂದು ಮಗ್ಗಗಳಿಗೆ ರಜೆ, ಪೂಜೆ. ಅತ್ತೆ ಸಾವಿತ್ರೆವ್ವ ಮಗ್ಗಗಳಿಗೆಲ್ಲ ಕುಂಕುಮ ಹಚ್ಚಿ, ಮನೆಯ ಅನ್ನ ಅದರಲ್ಲೇ ಇದೆಯೆಂದು ಡಿಸ್ಕನ್ನೂ ಬಿಚ್ಚಿ ದೇವರ ಜಗಲಿಯ ಮೇಲಿಟ್ಟರು. ನನ್ನ ಸ್ಕ್ರಿಪ್ಟಿಗೆ ಇದೆಲ್ಲ ಎಲ್ಲಿ ಗೊತ್ತು? ಡಿಸ್ಕಿನ ಹೆಸರಿನ ಖಾಲಿ ಫೋಲ್ಡರ್ ಕಂಪ್ಯೂಟರಿನಲ್ಲೇ ಉಳಿದಿತ್ತು. ಅದನ್ನೇ ಡಿಸ್ಕ್ ಎಂದು ತಿಳಿದು ಎಲ್ಲ ಡಿಸೈನುಗಳನ್ನೂ ಅದರೊಳಗೆ ಮತ್ತೊಮ್ಮೆ ತುಂಬಿತು. ಬೆಳಗಾಗುವಷ್ಟರಲ್ಲಿ ಜಾಗ ಮುಗಿದು ಕಂಪ್ಯೂಟರ್ ನಿಂತಿತ್ತು. ಡಿಸ್ಕ್ ಇದೆಯೇ ಎಂದು ಮೊದಲು ನೋಡು ಎಂಬ ಒಂದು ಸಾಲು ಬರೆಯದ ನನ್ನ ಮೇಲೇ ಉರಿದುಹೋಯಿತು.

ಆ ಸಾಲು ಸೇರಿಸಿದೆ. ಡಿಸ್ಕ್ ಇಲ್ಲದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಂತು ಗಂಡ ಈಶ್ವರನ ಫೋನಿಗೆ ಸಂದೇಶ ಕಳಿಸಬೇಕು. ಬೇಕೆಂದೇ ನನ್ನ ನಂಬರ್ ಹಾಕಲಿಲ್ಲ. ಡಿಸ್ಕನ್ನು ತಂದು ಜೋಡಿಸುವುದನ್ನು ಅವನಿಗೆ ತೋರಿಸಿಕೊಟ್ಟೆ.

“ಇಷ್ಟ ಅಲ್ಲಾ? ಕೂಸೂ ಮಾಡತೈತಿ,” ಎಂದ.

ಮಾವ ಇನ್ನೊಂದು ತಿಂಗಳು ಕೊಟ್ಟರು. ಕಾಲೇಜಿನವರೂ ಅಷ್ಟೇ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದರು.

ಮತ್ತೆ ಅಮವಾಸ್ಯೆ. ಡಿಸ್ಕ್ ಜಗಲಿಯ ಮೇಲಿತ್ತು. ಸಂಜೆ ಎಲ್ಲರೂ ಊಟಕ್ಕೆ ಕುಳಿತಾಗ ಈಶ್ವರನ ಫೋನ್ ಸದ್ದು ಮಾಡಿತು. ಅವನು ನೋಡಿದ. ನೋಡಿ, ಎಡಗೈಯಿಂದ ಫೋನನ್ನು ನನ್ನ ಕಡೆ ಸರಿಸಿದ.

“ನಿಂದ ಬಂದೈತಿ ನೋಡು.”

“ನಂದಲ್ರೀ, ನಿಮ್ದು. ಡಿಸ್ಕ್ ತಂದು ಹಚ್ಚೂದಷ್ಟ. ನೀವ ಹಚ್ಚರಿ.”

“ನಾ ಹಚ್ಚಿ ಏನರ ಕೆಟ್ಟಗಿಟ್ಟರ? ನಿನ್ನ ಕೈ ಛಲೋ ಐತಿ, ನೀನ ಹಚ್ಚು.”

ಮಾವ ನಕ್ಕರು. ಅದರಲ್ಲಿ ಕುಹಕವಿರಲಿಲ್ಲ, ಹೆಮ್ಮೆಯಿತ್ತು.

“ನಾ ಹೇಳಿರ್ಲಿಲ್ಲಾ? ಮಷಿನ್ ತಾನ ನಡಿಯೂದಿಲ್ಲ. ನಮ್ಮ ಸೌಂದರ್ಯಾ ಇದ್ರನ ನಡಿತೈತಿ.”

ಕೂತೇ ಇರಬೇಕೆಂದುಕೊಂಡೆ. ಎಲ್ಲರೂ ಬಾಯಾಡಿಸುತ್ತ ನನ್ನನ್ನೇ ನೋಡುತ್ತಿದ್ದರು. ಬೆಳಿಗ್ಗೆ ಮಗ್ಗದವರು ಬರುತ್ತಾರೆ, ಅಷ್ಟರಲ್ಲಿ ಜಾಗವಾಗದಿದ್ದರೆ ಕಂಪ್ಯೂಟರ್ ಮತ್ತೆ ನಿಲ್ಲುತ್ತದೆ. ಎದ್ದೆ, ಕೈ ತೊಳೆದೆ, ಡಿಸ್ಕನ್ನು ಜೋಡಿಸಿ ಬಂದು ಕುಳಿತೆ. ಮಾಡಿ ಮುಗಿಸಿದ ಮೇಲೆ ಹೊಳೆಯಿತು, ಕೈ ಹಚ್ಚಬಾರದೆಂಬ ಷರತ್ತನ್ನು ನಾನೇ ಮುರಿದಿದ್ದೆ.

“ದಣದಿ ಕೂಸು, ಉಣ್ಣು,” ಎಂದು ಅತ್ತೆ ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಸುರಿದರು.

ಒಬ್ಬರಾದರೂ ಬೈದಿದ್ದರೆ ಜಗಳವಾಡಿ ಬೆಳಿಗ್ಗೆ ಜಮಖಂಡಿಯ ಬಸ್ಸು ಹತ್ತುತ್ತಿದ್ದೆ.