ಡಬ್ಬಿಯೊಳಗಿನ ಅತ್ತೆ

ಲಾರಿ ಗಡಗಡ ಅಲುಗಿದ್ದೇ ತಡ, ಸೀಟಿನ ಹಿಂದಿನ ಹಲಗೆಯ ಮೇಲೆ ಮಲಗಿದ್ದವಳಿಗೆ ಎಚ್ಚರವಾಯಿತು. ಎಡಗಡೆಯ ಚಕ್ರಗಳು ಡಾಂಬರು ಬಿಟ್ಟು ಜಲ್ಲಿಗೆ ಇಳಿದಿದ್ದವು. ಮರುಕ್ಷಣ ಲಾರಿ ಮತ್ತೆ ರಸ್ತೆಗೆ ಹತ್ತಿತು. ಅವಳು ಪರದೆ ಸರಿಸಿದಳು. ಬಿಸಿಲು ಆಗಲೇ ಮುಂದಿನ ಗಾಜಿನ ತುಂಬ ಬಿದ್ದಿತ್ತು. ಬೆಳಕು ಹರಿಯುವಾಗಲೇ ಅವಳನ್ನೆಬ್ಬಿಸಿ ಸೀಟು ಬಿಡಬೇಕಿದ್ದ ಗಂಡ ಇನ್ನೂ ಸ್ಟಿಯರಿಂಗ್ ತಬ್ಬಿಕೊಂಡು ಕೂತಿದ್ದ. ನಿದ್ದೆಗೆಟ್ಟು ಕಣ್ಣು ಕೆಂಡವಾಗಿತ್ತು.

"ರೀ, ತೂಕಡಿಸಿದ್ರಾ?"

"ಯಾರು, ನಾನಾ? ನಾಯಿ ಅಡ್ಡ ಬಂತು ಕಣೇ."

ನಾಯಿಯೂ ಇಲ್ಲ, ನರಿಯೂ ಇಲ್ಲ. ಪಕ್ಕದ ಕನ್ನಡಿಯಲ್ಲಿ ಕಾಣುತ್ತಿದ್ದದ್ದು ಬರೀ ಖಾಲಿ ರಸ್ತೆ. "ಮೊದ್ಲು ನಿಲ್ಸಿ" ಅಂದಳು. ಮುಂದೆ ಲಾರಿ ನಿಲ್ದಾಣ ಇದೆ, ಅಲ್ಲೇ ನಿಲ್ಲಿಸೋಣ ಅಂತ ಅವನು ಏನೋ ಹೇಳುತ್ತಿದ್ದ. ಅವಳ ಕಣ್ಣು ಸ್ಟಿಯರಿಂಗ್ ಪಕ್ಕದ ಡಬ್ಬಿಯ ಮೇಲಿತ್ತು. ಅದರ ಬಾಯಿಂದ ಅರ್ಧ ಹೊರಗಿದ್ದ ಕಾರ್ಡಿನ ಮೇಲೆ ಅವಳದೇ ಫೋಟೋ.

ಆ ಡಬ್ಬಿಗೆ ಡ್ರೈವರುಗಳೆಲ್ಲ ಸೇರಿ ಇಟ್ಟ ಹೆಸರು ಅತ್ತೆ. ಮೊದಲೆಲ್ಲ ಲಾಗ್‌ಬುಕ್ ಇತ್ತು. ಎಷ್ಟು ಹೊತ್ತು ಓಡಿಸಿದೆ, ಎಷ್ಟು ಹೊತ್ತು ಮಲಗಿದೆ ಅಂತ ಅದರಲ್ಲಿ ಬರೆಯಬೇಕು. ಊಟಕ್ಕೆ ಕೂತಾಗ ಇಡೀ ವಾರದ್ದನ್ನು ಒಂದೇ ಏಟಿಗೆ ಗೀಚಿ ಮುಗಿಸುತ್ತಿದ್ದರು. ಅದನ್ನು ಓದಿದವರಿಗೆ ಲಾರಿ ಡ್ರೈವರುಗಳಷ್ಟು ಸುಖವಾಗಿ ನಿದ್ದೆ ಮಾಡುವವರು ಲೋಕದಲ್ಲೇ ಇಲ್ಲ ಅನ್ನಿಸಬೇಕು, ಹಾಗೆ! ಈಗ ಅದು ನಡೆಯುವುದಿಲ್ಲ. ಯಾರು ಓಡಿಸುತ್ತಾರೋ ಅವರ ಕಾರ್ಡನ್ನು ಡಬ್ಬಿಗೆ ಹಾಕಬೇಕು. ಹೊತ್ತು ಮೀರಿದರೆ ಅದು ಕೂಗಿಕೊಳ್ಳುತ್ತದೆ, ಆಫೀಸಿಗೆ ಚಾಡಿಯನ್ನೂ ಹೇಳುತ್ತದೆ. ಆಗ ಜೊತೆಗಾರ ತನ್ನ ಕಾರ್ಡು ಹಾಕಿ ಕೂರಬೇಕು, ಇಲ್ಲವೇ ಲಾರಿ ನಿಲ್ಲಬೇಕು.

ನಿಲ್ದಾಣದ ಟೀ ಅಂಗಡಿ ಮುಂದೆಯೂ ಅತ್ತೆಯ ಪುರಾಣವೇ ನಡೆದಿತ್ತು. "ನಿದ್ದೆ ಬಂದಾಗ ಓಡ್ಸು ಅಂತಾಳೆ, ನಿದ್ದೆ ಬಾರದೇ ಇದ್ದಾಗ ಮಲ್ಕೋ ಅಂತಾಳೆ" ಎಂದು ಒಬ್ಬ ಮೀಸೆಯ ಡ್ರೈವರನ ಗೋಳು. "ನಿಲ್ಸು ಅನ್ನೋದೇನೋ ಸರಿ, ನಿಲ್ಸೋಕೆ ಜಾಗ ಇವಳಪ್ಪ ಕೊಡ್ತಾನಾ? ಗೋಡೌನ್ ಬಾಗ್ಲಲ್ಲಿ ಅರ್ಧ ದಿನ ಕಾಯಿಸ್ತಾರಲ್ಲ, ಅದನ್ನ ಯಾವ ಅತ್ತೆ ಕೇಳ್ತಾಳೆ?" ಅಂದ ಟ್ಯಾಂಕರಿನವನು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬೇರೆ ದಿನವಾಗಿದ್ದರೆ ಅವಳೂ ದನಿಗೂಡಿಸುತ್ತಿದ್ದಳು.

"ನೀವೇನಂತೀರಿ ಅಕ್ಕ?" ಮೀಸೆಯವನು ಕೇಳಿದ.

"ನನ್ನ ಅತ್ತೆ ಒಳ್ಳೆಯೋಳಪ್ಪ. ಇವತ್ತು ಸೊಸೆ ಪಕ್ಷ ವಹಿಸಿ ಮಗನ ಕಳ್ಳಾಟ ಹಿಡಿದುಕೊಟ್ಲು."

ಎಲ್ಲರೂ ನಕ್ಕರು. ಗಂಡ ಮಾತ್ರ ಲೋಟದೊಳಗೆ ನೋಡುತ್ತ ನಿಂತಿದ್ದ.

ಲಾರಿಯ ನೆರಳಿಗೆ ಬಂದ ಮೇಲೆ ಕೇಳಿದಳು. "ನನ್ನ ಕಾರ್ಡು ಹಾಕ್ಕೊಂಡು ಎಷ್ಟು ದಿನದಿಂದ ಓಡಿಸ್ತಿದೀರಿ?"

"ನೀನು ಆಸ್ಪತ್ರೆಯಿಂದ ಬಂದಾಗಿಂದ."

"ನಾನು ಸ್ವಲ್ಪ ದೂರ ಓಡಿಸೋದ್ರೊಳಗೆ ಕೂಗ್ಕೊಳ್ತಿತ್ತು. ಡಬ್ಬಿ ಕೆಟ್ಟಿದೆ ಅಂದ್ರಿ."

"ಅಂದೆ."

"ಯಾಕೆ, ನನ್ನ ಕೈಲಿ ಇನ್ನು ಆಗಲ್ಲ ಅಂತಾನಾ?"

"ಅಯ್ಯೋ, ಹಾಗಲ್ಲ ಕಣೇ. ಆಪರೇಷನ್ ಆಗಿ ಕಣ್ಣು ಬಿಟ್ಟೋಳೇ ಏನಂದೆ ನೆನಪಿದ್ಯಾ? ಕಣ್ತುಂಬ ನಿದ್ದೆ ಮಾಡಿ ಎಷ್ಟು ವರ್ಷ ಆಗಿತ್ತೋ ಅಂದೆ." ಅವನು ಅಂಗೈಯಿಂದ ಮುಖ ಉಜ್ಜಿಕೊಂಡ. "ಎಬ್ಬಿಸ್ಬೇಕು ಅಂತಾನೇ ಪರದೆ ಸರಿಸ್ತೀನಿ. ಕೆನ್ನೆ ಕೆಳಗೆ ಕೈ ಇಟ್ಕೊಂಡು ಮಲಗಿರ್ತೀಯ. ಮನಸ್ಸು ಬರಲ್ಲ. ನಿಲ್ಸಿ ನಾನೂ ಮಲಗೋಣ ಅಂದ್ರೆ ಮ್ಯಾನೇಜರು ಫೋನ್ ಮಾಡಿ ತಲೆ ತಿಂತಾನೆ."

ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. ಇಷ್ಟು ತಿಂಗಳು ತಾನು ಮಲಗಿದ್ದು ಇವನ ಪಾಲಿನ ನಿದ್ದೆ. ಅವನ ಮೇಲೆ ಅಕ್ಕರೆ ಉಕ್ಕಿ ಬಂತು. ಅದರ ಬೆನ್ನಿಗೇ ಜಲ್ಲಿಯ ಸದ್ದೂ ನೆನಪಾಯಿತು.

"ನೀವು ಕಣ್ಮುಚ್ಚಿದ್ರೆ ನಾನೇನು ಹಿಂದಿನ ಲಾರೀಲಿ ಬರ್ತಿರ್ತೀನಾ? ಇಬ್ರೂ ಒಟ್ಟಿಗೇ ಹೋಗೋದು."

"ಬಿಡ್ತು ಅನ್ನು."

"ಆಮೇಲೆ ಅಂತೀನಿ. ಮೊದ್ಲು ಹತ್ತಿ ಮಲ್ಕೊಳ್ಳಿ. ನನ್ನ ಕಾರ್ಡಿನ ಹೊತ್ತನ್ನ ನೀವೇ ಅರ್ಧ ತಿಂದು ಹಾಕಿದೀರಿ. ಉಳಿದಷ್ಟು ನಾನು ಓಡಿಸ್ತೀನಿ."

ಅವನು ಅಂಗಿ ಬಿಚ್ಚಿ ಕೊಕ್ಕೆಗೆ ಸಿಕ್ಕಿಸಿ ಹಲಗೆ ಹತ್ತಿದ. ಲಾರಿ ನಿಲ್ದಾಣ ದಾಟುವುದರೊಳಗೆ ಗೊರಕೆ ಶುರುವಾಯಿತು. ಮದುವೆಯಾದ ಹೊಸದರಲ್ಲಿ ಅವಳು ದಿಂಬಿನಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದದ್ದು ಇದೇ ಗೊರಕೆಗೆ. ಅದನ್ನು ಕೇಳಿ ಎಷ್ಟು ಕಾಲವಾಗಿತ್ತು! ಕೈ ಚಾಚಿ ರೇಡಿಯೋ ಆರಿಸಿದಳು.

ಮಧ್ಯಾಹ್ನದ ಹೊತ್ತಿಗೆ ಡಬ್ಬಿ ಕೂಗಿತು. ಸರಕು ಇಳಿಸುವ ಊರು ಇನ್ನೂ ದೂರವಿತ್ತು. ಅತ್ತೆಯ ಲೆಕ್ಕದಲ್ಲಿ ಗಂಡ ಬೆಳಗಿನಿಂದ ಮಲಗೇ ಇದ್ದಾನೆ, ಅವನ ಕಾರ್ಡು ಹಾಕಿದರೆ ಡಬ್ಬಿಯ ತಕರಾರೇನೂ ಇಲ್ಲ. ಕಾರ್ಡು ಕೊಕ್ಕೆಯಲ್ಲಿದ್ದ ಅಂಗಿಯ ಜೇಬಿನಲ್ಲಿತ್ತು. ಪರದೆಯ ಸಂದಿನಿಂದ ಅವನ ಮುಖ ಕಾಣುತ್ತಿತ್ತು. ಮಗುವಿನ ಹಾಗೆ ಬಾಯಿ ತೆರೆದು ಮಲಗಿದ್ದಾನೆ ಪುಣ್ಯಾತ್ಮ. ಇವನನ್ನು ಹೇಗೆ ಎಬ್ಬಿಸುವುದು? ತನಗೇನೂ ಅಂಥ ಸುಸ್ತಾಗಿಲ್ಲ. ಇನ್ನೊಂದಿಷ್ಟು ದೂರ ತಾನೇ ಓಡಿಸಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಅವಳ ಕೈ ಜೇಬಿಗೆ ಹೋಯಿತು. ಬೆರಳಿಗೆ ಕಾರ್ಡಿನ ಅಂಚು ತಾಗಿತು.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ತನ್ನಷ್ಟಕ್ಕೆ ನಕ್ಕು ಕೈ ಹಿಂದಕ್ಕೆ ತೆಗೆದುಕೊಂಡಳು.

ಮುಂದೆ ನಾಲ್ಕಾರು ಮರಗಳಿದ್ದ ಕಡೆ ರಸ್ತೆಯ ಅಂಚು ಅಗಲವಾಗಿತ್ತು. ಲಾರಿಯನ್ನು ಪೂರ್ತಿ ಒಳಕ್ಕೆ ಹಾಕಿ ಇಂಜಿನ್ ಆರಿಸಿದಳು. ಸ್ವಲ್ಪ ಹೊತ್ತಿಗೇ ಮ್ಯಾನೇಜರನ ಫೋನು ಬಂತು.

"ಯಾಕಮ್ಮ ನಿಂತ್ರಿ? ನಿನ್ನ ಹೊತ್ತು ಮುಗಿದ್ರೆ ನಿಮ್ಮ ಯಜಮಾನ್ರನ್ನ ಕೂರಿಸು."

"ಅವರು ಮಲಗಿದ್ದಾರೆ ಸಾರ್. ಎದ್ದ ಮೇಲೆ ಹೊರಡ್ತೀವಿ" ಎಂದು ಪಿಸುಗುಟ್ಟಿದಳು. ಆ ಕಡೆಯ ಬೈಗುಳ ಶುರುವಾಗುವ ಮೊದಲೇ ಫೋನನ್ನು ಆರಿಸಿ ಸೀಟಿನ ಕೆಳಗೆ ತುರುಕಿದಳು.

ದೊಡ್ಡ ಲಾರಿಗಳು ಪಕ್ಕದಲ್ಲಿ ಹಾದುಹೋದಾಗೆಲ್ಲ ಅವರ ಲಾರಿ ಮೆಲ್ಲಗೆ ತೂಗುತ್ತಿತ್ತು. ಕಿಟಕಿಯಿಂದ ಬಿಸಿಲಿನ ಒಂದು ಪಟ್ಟಿ ಅವನ ರೆಪ್ಪೆಯ ಮೇಲೆ ಬಿದ್ದಿತ್ತು. ಅವಳು ಕೊಕ್ಕೆಯಿಂದ ಅಂಗಿ ತೆಗೆದು ಗಾಜಿಗೆ ಅಡ್ಡ ಕಟ್ಟಿದಳು.