ಟೋಪಿ ಮುದುಕನ ಬಲಗಡೆ

ಪೆಟ್ಟಿಗೆಗೆ ಮೊಳೆ ಬೀಳಲು ಇನ್ನು ಅರ್ಧ ಗಂಟೆಯಿತ್ತು. ನಕಲುಗಳೆಂದು ತೀರ್ಮಾನವಾದ ಹದಿನೆಂಟು ಅಚ್ಚುಚಿತ್ರಗಳು ಮೂರು ಗಂಟೆಯ ವ್ಯಾನಿನಲ್ಲಿ ಸಂಗ್ರಹಾಲಯ ಬಿಟ್ಟು ಹೊರಡಲಿದ್ದವು. ದೂರದ ಚಿತ್ರಶಾಲೆಯಲ್ಲಿ ಅವನ್ನು ಕತ್ತರಿಸಿ, ನೆನೆಸಿ, ಕಾಗದದ ಪಾಠ ಹೇಳುತ್ತಾರೆ. ಹೋದವೆಂದರೆ ಹೋದವೇ.

ಪಟ್ಟಿ ಬರೆಯುವಾಕೆ ಒಂದೊಂದೇ ಹಾಳೆಯನ್ನು ಅದರ ಕಾರ್ಡಿನೊಂದಿಗೆ ತಾಳೆ ನೋಡುತ್ತ ಬಂದಳು. ಮೊದಲ ಎಂಟು ಬರೀ ಮರ, ಸೇತುವೆ, ಗಾಳಿಗಿರಣಿ. ಒಂಬತ್ತನೆಯದಕ್ಕೆ ಅವಳ ಕೈ ನಿಂತುಬಿಟ್ಟಿತು.

ತುಪ್ಪಳದ ಟೋಪಿಯ ಮುದುಕ. ತಾಮ್ರದ ತಗಡನ್ನು ಸೂಜಿಯಲ್ಲಿ ಗೀರಿ, ಆಮ್ಲ ಕುಡಿಸಿ, ಮಸಿ ತುಂಬಿ ಒತ್ತಿದ ಅಂಗೈಯಗಲದ ಎಚಿಂಗ್. ಕಾರ್ಡಿನಲ್ಲಿ, ಹಿಂದೆ ಇದೇ ಪಟ್ಟಿ ಬರೆಯುತ್ತಿದ್ದ ಅವಳ ಚಿಕ್ಕಮ್ಮನ ದುಂಡು ಅಕ್ಷರ: 'ಮುಖ ಬಲಕ್ಕೆ. ನಕಲು.' ಈ ಮುದುಕನನ್ನು ಮೊದಲು ಗೀರಿದ ಹಳೆಯ ಕಲಾವಿದನ ಕೆಲಸಗಳನ್ನು, ಚಿತ್ರವಿಲ್ಲದೆ ಬರೀ ಮಾತಿನಲ್ಲಿ ಪಟ್ಟಿ ಮಾಡಿದ ದಪ್ಪ ಪುಸ್ತಕ ತೆಗೆದಳು. ಮೂಲದಲ್ಲಿ ಮುಖ ಎಡಕ್ಕೆ, ಸಿಕ್ಕಿರುವುದು ಮೂರೇ ಪ್ರತಿ. ಅದನ್ನು ನೋಡಿ ಗೀರಿದ ನಕಲು ಒತ್ತುವಾಗ ಕನ್ನಡಿಯಂತೆ ತಿರುಗಿ, ಮುಖ ಬಲಕ್ಕೆ.

ಮೇಜಿನ ಮೇಲಿದ್ದ ಮುದುಕನೋ ಎಡಕ್ಕೆ ನೋಡುತ್ತಿದ್ದ.

"ಏನಕ್ಕಾ, ಮುದುಕ ಕಣ್ಣು ಹೊಡೆದ್ನಾ?" ಅಂದ ಪೆಟ್ಟಿಗೆ ಕಟ್ಟುವವನು. ಬಾಯಲ್ಲಿ ಸದಾ ಮೊಳೆ ಕಚ್ಚಿಕೊಂಡಿರುತ್ತಿದ್ದುದಕ್ಕೆ ಎಲ್ಲರಿಗೂ ಅವನು ಮೊಳೆಯಣ್ಣ.

"ಯಾರಿಗೋ ಟೋಪಿ ಹಾಕಿದ್ದಾನೆ ಕಣಣ್ಣಾ. ಕಾರ್ಡು ಬಲ ಅನ್ನುತ್ತೆ, ಇವನು ಎಡಕ್ಕಿದ್ದಾನೆ."

ವಿಷಯ ಕೇಳಿ ಬಂದ ಸಂಗ್ರಹಾಲಯದ ಮುಖ್ಯಸ್ಥರು ಹಾಳೆಯತ್ತ ಬಗ್ಗಿಯೂ ನೋಡಲಿಲ್ಲ. "ನಿಮ್ಮ ಚಿಕ್ಕಮ್ಮ ಈ ಕುರ್ಚೀಲಿ ನಲವತ್ತು ವರ್ಷ ಕೂತಿದ್ರು. ಅವರ ಕಾರ್ಡಲ್ಲಿ ಒಂದು ಚುಕ್ಕೆ ತಪ್ಪಿಲ್ಲ. ನಕಲಿಗೇ ಇನ್ನೊಬ್ಬ ನಕಲು ಮಾಡಿದ್ರೆ ಮುಖ ತಿರುಗಿ ಎಡಕ್ಕೇ ಬರುತ್ತೆ, ಅಲ್ವಾ? ಮೂರರೊಳಗೆ ಆಧಾರ ತೋರಿಸಿ. ಇಲ್ಲ, ಪೆಟ್ಟಿಗೆಗೆ ಹಾಕಿ."

ಮಾತು ಸುಳ್ಳಲ್ಲ. ಈ ಕೆಲಸ ಕಲಿಸಿದ ಚಿಕ್ಕಮ್ಮನಿಗೇ ಫೋನು ಹಚ್ಚಿದಳು.

"ಚಿಕ್ಕಮ್ಮಾ, ನೀವು ಕಾರ್ಡಲ್ಲಿ ಬಲ ಅಂದ್ರೆ ಯಾರ ಬಲ?"

"ಇದೆಂಥ ಪ್ರಶ್ನೇನೇ? ಅವನ ಬಲ! ಚಿತ್ರಕ್ಕೆ ಕೂತಿರೋನು ಅವನಾ, ನಾನಾ?"

ಅವಳು ಪುಸ್ತಕದ ಮೊದಲ ಪುಟಗಳನ್ನು ತಿರುವಿದಳು. "ಪುಸ್ತಕದವರು ನೋಡೋರ ಎಡ-ಬಲ ಬರೆದಿದ್ದಾರೆ. ಮುನ್ನುಡೀಲಿದೆ. ನಿಮ್ಮ ಬಲಾನೇ ಅವರ ಎಡ."

ಆ ಕಡೆ ಚಿಕ್ಕಮ್ಮ ರೇಡಿಯೋ ಆರಿಸಿದ ಸದ್ದು ಕೇಳಿತು.

"ಮುನ್ನುಡಿ ಯಾರು ಓದ್ತಾರೆ ಹೋಗೇ," ಅಂದ ಚಿಕ್ಕಮ್ಮನ ದನಿ ಕುಗ್ಗಿತ್ತು. ಮರುಗಳಿಗೆಯೇ ಹಳೆಯ ಮೇಷ್ಟರ ಗತ್ತು ಬಂತು. "ಎಡಕ್ಕಿದ್ದ ಮಾತ್ರಕ್ಕೆ ಮೂಲ ಆಗಲ್ಲ. ಕಿವಿ ಕೆಳಗೆ ನೋಡು. ಸೂಜಿ ಜಾರಿದ ಗೆರೆ ಇರಬೇಕು. ಮೊದಮೊದಲ ಒತ್ತುಗಳಲ್ಲಿ ಮಾತ್ರ ಇರೋದು. ಆಮೇಲೆ ಅವನೇ ತಗಡು ಉಜ್ಜಿ ಅಳಿಸಿಬಿಟ್ಟ. ನಕಲು ಮಾಡಿದೋರ್ಯಾರೂ ಅದನ್ನ ಕಂಡಿಲ್ಲ."

ಕಿವಿಯ ಕೆಳಗೆ ಹಳೆಯ ಅಂಟಿನ ಕಂದು ಕಲೆ. ಭೂತಗನ್ನಡಿಗೆ ಕಲೆ ಬಿಟ್ಟು ಇನ್ನೇನೂ ಕಾಣಲಿಲ್ಲ. ತೊಳೆಯಲು ಒಂದು ದಿನ ಬೇಕು. ಇದ್ದದ್ದು ಏಳು ನಿಮಿಷ. ಹೊರಗೆ ವ್ಯಾನಿನವನು ಹಾರ್ನ್ ಹೊಡೆದ.

"ಪಟ್ಟಿಗೆ ಸಹಿ ಆಗಿದೆ," ಅಂದರು ಮುಖ್ಯಸ್ಥರು.

ಅವಳು ಫೋನನ್ನು ಮೇಜಿನ ಮೇಲಿಟ್ಟು, ಎರಡೂ ಕೈಯಲ್ಲಿ ಹಾಳೆಯನ್ನೆತ್ತಿ ಕಿಟಕಿಯ ಗಾಜಿಗೆ ಹಿಡಿದಳು. ಬೆಳಕು ಹಿಂದಿನಿಂದ ತೂರಿ ಕಲೆ ಜೇನಿನ ಬಣ್ಣಕ್ಕೆ ತಿರುಗಿತು. ಅದರೊಳಗೆ, ಕಿವಿಯ ತುದಿಯಿಂದ ಕೊರಳಪಟ್ಟಿಯವರೆಗೆ, ಕೂದಲೆಳೆಯಂಥ ಒಂದು ಗೆರೆ ಸರ್ರನೆ ಜಾರಿ ಬಿದ್ದಿತ್ತು.

ಭೂತಗನ್ನಡಿಯನ್ನು ಮುಖ್ಯಸ್ಥರ ಕೈಗಿಟ್ಟಳು. ಅವರು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಹೊರಗಿಡಿ ಇದನ್ನ," ಅಂದರು ಮೆಲ್ಲಗೆ.

"ಇದೆಯೇನೇ ಗೆರೆ?" ಫೋನಿನೊಳಗಿಂದ ಚಿಕ್ಕಮ್ಮ.

"ಇದೆ ಚಿಕ್ಕಮ್ಮಾ."

"ಹಾಗಾದ್ರೆ ನನ್ನ ಕಾರ್ಡು ಹೊಡೆದು ಹಾಕು. ಕೆಂಪು ಶಾಯೀಲಿ ಬೇಡ ಕಣೇ. ಪೆನ್ಸಿಲ್ ಸಾಕು."

ಅವಳು ಪೆನ್ಸಿಲಿನಲ್ಲೇ ಒಂದು ತೆಳು ಗೆರೆ ಎಳೆದು ಕೆಳಗೆ ಬರೆದಳು: 'ಮುಖ, ನೋಡುವವರ ಎಡಕ್ಕೆ. ಮೂಲ. ಮೊದಲ ಒತ್ತು. ಕಿವಿಯ ಕೆಳಗೆ ಜಾರಿದ ಗೆರೆ.'

ಮೊಳೆಯಣ್ಣ ಬಾಯೊಳಗಿನ ಮೊಳೆಗಳನ್ನೆಲ್ಲ ಅಂಗೈಗೆ ಉಗುಳಿದ. "ಅಕ್ಕಾ, ಉಳಿದಿರೋ ಒಂಬತ್ತೂ ಮುಖಗಳೇ ಅಲ್ವಾ?"

ಅವಳು ಮುಂದಿನ ಕಾರ್ಡನ್ನೆತ್ತಿದಳು. ಅದೇ ದುಂಡು ಅಕ್ಷರ: 'ಮುಖ ಬಲಕ್ಕೆ. ನಕಲು.'

ಹಾರ್ನ್ ಮತ್ತೆ ಬಡಿದುಕೊಂಡಿತು. ಮುಖ್ಯಸ್ಥರು ಆ ಕಾರ್ಡನ್ನು ನೋಡಿದರು, ಅವಳನ್ನು ನೋಡಿದರು, ಬಾಗಿಲ ಕಡೆ ಹೊರಟರು.

"ನೀವು ಹಾಳೆ ತೆಗೀರಿ. ವ್ಯಾನಿನವನಿಗೆ ನಾನು ಹೇಳ್ತೀನಿ."