ಶನಿವಾರ ಹತ್ತುವ ದೀಪ

ನಜೀರ್ ಕಳ್ಳ ಎಂದು ನಾನು ಮೊದಲು ಹೇಳಿದ್ದು ಹೊಸ ತಿಪ್ಪಸಂದ್ರದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ, ಹನ್ನೆರಡು ಡ್ರೈವರುಗಳ ಎದುರು. ಮೆಲ್ಲಗೆ ಹೇಳಿದೆನೇ? ನನ್ನ ಗಂಟಲು ರಾಯಚೂರು ಕಡೆಯದು. ಮಾರ್ಕೆಟ್ ರಸ್ತೆಯ ಆ ತುದಿಯ ಹೂವಿನವಳಿಗೂ ಕೇಳಿಸಿರಬೇಕು.

ಸಿಟ್ಟು ಬಾರದೆ ಇನ್ನೇನು ಬಂದೀತು? 2006ರಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಕಾರು ನನ್ನದು. ದೊಡ್ಡನೆಕ್ಕುಂದಿಯ ಒಂದು ಕಂಪನಿಯ ನೌಕರರನ್ನು ಕರೆದೊಯ್ಯುವ ಕೆಲಸ. ಮೀಟರಿನ ಪಕ್ಕ ಎಂಜಿನ್ ಆಕಾರದ ಹಳದಿ ದೀಪವೊಂದಿದೆ, ಅದು ಹತ್ತಿದ್ದರೆ ಗಾಡಿ ಗೇಟಿನಿಂದಲೇ ವಾಪಸ್. ನನ್ನದು ಆರು ಸಲ ಹತ್ತಿತು. ಆರು ಸಲವೂ ಶಿವಾಜಿನಗರದ ಗಲ್ಲಿಯಲ್ಲಿರುವ ನಜೀರನ ಗ್ಯಾರೇಜಿಗೆ ಹೋದೆ. ಅವನು ಸ್ಟೀರಿಂಗಿನ ಕೆಳಗೆ ಸ್ಕ್ಯಾನರಿನ ವೈರ್ ಸಿಕ್ಕಿಸಿ ನೋಡುತ್ತಿದ್ದ. ಆರು ಸಲವೂ ಅದೇ ಕೋಡು, ಪಿ ಸೊನ್ನೆ ಮೂರು ನಾಲ್ಕು ಸೊನ್ನೆ. ಎಂಜಿನ್ ಮೇಲ್ಭಾಗದ ಒಂದು ಸೆನ್ಸರಿನಿಂದ ಸುದ್ದಿ ಬರುತ್ತಿಲ್ಲ ಎಂದು ಅದರ ಅರ್ಥವಂತೆ. ಎರಡು ಸಲ ಸೆನ್ಸರ್ ಬದಲಿಸಿದ, ಒಂದು ಸಲ ವೈರ್ ಬದಲಿಸಿದ. ಕೋಡ್ ಅಳಿಸಿದರೆ ದೀಪ ಆರುತ್ತಿತ್ತು, ಸ್ವಲ್ಪ ದಿನಕ್ಕೆ ಮತ್ತೆ ಹಾಜರು. ಬೇಕೆಂದೇ ಏನನ್ನೋ ಸಡಿಲ ಬಿಟ್ಟು ಕಳಿಸುತ್ತಾನೆ ಎಂದು ತೀರ್ಮಾನಿಸಿದೆ. ತೀರ್ಮಾನಿಸಿದ ಮೇಲೆ ಬಾಯಿ ಮುಚ್ಚಿಕೊಂಡಿರುವ ಗಿರಾಕಿ ನಾನಲ್ಲ.

ನಮ್ಮ ಸ್ಟ್ಯಾಂಡಿನ ಗಾಡಿಗಳೆಲ್ಲ ಅವನಲ್ಲಿಗೇ ಹೋಗುತ್ತಿದ್ದವು. ಅವನ ಗ್ಯಾರೇಜು ನಡೆಯುತ್ತಿದ್ದುದೇ ಅದರಿಂದ. ಎರಡು ತಿಂಗಳಲ್ಲಿ ಒಂದು ಗಾಡಿಯೂ ಹೋಗದಂತೆ ಮಾಡಿದೆ.

ಒಂದು ಗುರುವಾರ ಸಂಜೆ ಅವನೇ ನನ್ನ ಬಾಡಿಗೆ ಕೋಣೆಯ ಬಾಗಿಲಿಗೆ ಬಂದು ನಿಂತ. ಐವತ್ತು ದಾಟಿದ ಬಡಕಲು ಮನುಷ್ಯ. ಕೂರು ಎನ್ನಲಿಲ್ಲ ನಾನು. ನನ್ನ ಹೆಂಡತಿ ಬಾಲಮ್ಮ ನೀರು ತಂದರೆ ಅವಳನ್ನೂ ಕಣ್ಣಲ್ಲೇ ಗದರಿದೆ. ಅವನು ಸೆನ್ಸರಿನ ಖಾಲಿ ಡಬ್ಬವೊಂದನ್ನು ತೋರಿಸಿದ. ದೀಪ ಹತ್ತಿತೆಂದು ನಾನು ಬಂದ ದಿನಗಳನ್ನು ಅದರ ರಟ್ಟಿನ ಮೇಲೆ ಬರೆದಿಟ್ಟಿದ್ದ. ಎಲ್ಲವೂ ಶನಿವಾರ. ಹಿಂದಿನ ದಿನ ಗಾಡಿಗೆ ಏನೋ ಆಗುತ್ತಿರಬೇಕು, ನಾಳೆ ಶುಕ್ರವಾರ ಬೆಳಿಗ್ಗೆ ಬಂದು ಗಾಡಿಯನ್ನು ದೂರದಿಂದ ನೋಡುತ್ತೇನೆ, ಕೇಳದೆ ಮುಟ್ಟುವುದಿಲ್ಲ ಎಂದ.

"ತಪ್ಪು ನನ್ದಾದ್ರೆ ನಿಮ್ ಸ್ಟ್ಯಾಂಡಿಗೇ ಬಂದು ಒಪ್ಕೊಳ್ತೀನಿ. ನಿಮ್ದಾದ್ರೆ ನೀವು ಅಲ್ಲೇ, ಅವರ ಮುಂದೇನೇ ಹೇಳ್ಬೇಕು. ಬೇರೇನೂ ಬೇಡ, ನನ್ ಹೆಸರು ವಾಪಸ್ ಕೊಡಿ."

"ನಂದಾದ್ರ ಅರ್ಧ ಮೀಸಿ ಬೋಳಿಸ್ತೀನಿ, ಹೋಗಲೇ," ಎಂದೆ.

ಶುಕ್ರವಾರ ನನ್ನ ಗಾಡಿ ಪೂಜೆಯ ದಿನ. ಮಿಕ್ಕವರು ಬಾನೆಟ್ಟಿನ ಮೇಲೆ ಕುಂಕುಮ ಹಚ್ಚಿ ಕೈ ಮುಗಿಯುತ್ತಾರೆ. ಅದು ಬಣ್ಣಕ್ಕೆ ಪೂಜೆ, ಎಂಜಿನ್ನಿಗಲ್ಲ ಎನ್ನುವವನು ನಾನು. ಬಾನೆಟ್ ಎತ್ತಿ ಎಂಜಿನ್ನಿನ ನೆತ್ತಿಗೆ ಅರಿಶಿನದ ನೀರು, ಆಮೇಲೆ ಊದುಬತ್ತಿ. ಮೊದಲು ಅಂಗೈಯಲ್ಲಿ ಹಾಕುತ್ತಿದ್ದೆ. ದೀಪದ ಕಾಟ ಶುರುವಾದ ಮೇಲೆ ಯಾರದೋ ಕಣ್ಣು ಬಿದ್ದಿದೆ ಎಂದು ಚೊಂಬಿಗೆ ಏರಿಸಿದ್ದೆ. ಒಳಗೆಲ್ಲ ವೈರ್ ಅದಾವು, ಅಷ್ಟು ಸುರೀಬ್ಯಾಡ್ರಿ ಎಂದು ಬಾಲಮ್ಮ ಒಮ್ಮೆ ಹೇಳಿ ಬೈಸಿಕೊಂಡಿದ್ದಳು.

ಅಂದೂ ಚೊಂಬು ಬಗ್ಗಿಸಿದೆ. ರಸ್ತೆಯಾಚೆ ಕಲ್ಲಿನ ಮೇಲೆ ಕೂತಿದ್ದ ನಜೀರ್ ಎದ್ದು ಬಂದ. ಬೈಯಲಿಲ್ಲ, ನಗಲೂ ಇಲ್ಲ. ಬಿಚ್ಚಲೇ ಎಂದು ಕೇಳಿ ಸೆನ್ಸರಿನ ಪ್ಲಗ್ ಕಿತ್ತು ನನ್ನ ಅಂಗೈ ಮೇಲೆ ಕೊಡವಿದ. ನಾಲ್ಕು ಹನಿ ಹಳದಿ ನೀರು ಬಿತ್ತು. ಪ್ಲಗ್ಗಿನ ಒಳಗೆ ಹಸಿರು ಕಿಲುಬು ಹಿಡಿದಿತ್ತು.

"ಇದರ ರಬ್ಬರ್ ಬಿರುಕು ಬಿಟ್ಟಿದೆ, ನಾನು ನೋಡ್ಬೇಕಿತ್ತು. ಅಷ್ಟು ನನ್ ತಪ್ಪು," ಎಂದ. "ನೀರು ಯಾರದು, ಅಮರಪ್ಪ?"

ಆಗಲೂ ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ಇವನ ಎದುರು ಸೋತೆನಲ್ಲ ಎಂದು ಮೈ ಉರಿಯಿತು. ತಪ್ಪಾಯಿತು ಎಂದು ಇಲ್ಲೇ ಹೇಳಿಬಿಡುತ್ತೇನೆ, ಸ್ಟ್ಯಾಂಡೆಲ್ಲ ಯಾಕೆ ಎಂದು ಗೊಣಗಿದೆ.

"ಕಳ್ಳ ಅಂದಿದ್ದು ಅಲ್ಲಿ. ಇಲ್ಲಿ ಹೇಳಿದ್ರೆ ಯಾರಿಗ್ ಕೇಳ್ಸುತ್ತೆ?" ಎಂದ ನಜೀರ್. ಪ್ಲಗ್ ಒರೆಸಿ, ಹೊಸ ರಬ್ಬರ್ ಕೂರಿಸಿ ಹೋದ.

ಆ ಶನಿವಾರ ದೀಪ ಹತ್ತಲಿಲ್ಲ. ಡ್ಯೂಟಿ ಮುಗಿಸಿ ಬಂದರೆ ನಜೀರ್ ಆಗಲೇ ಸ್ಟ್ಯಾಂಡಿನಲ್ಲಿ ನಿಂತಿದ್ದ. ಡ್ರೈವರುಗಳೆಲ್ಲ ಅವನಿಂದ ದೂರ ಸರಿದು ನಿಂತಿದ್ದರು. ನಾನು ಹೇಳಿದೆ. ನಜೀರ್ ಕಳ್ಳನಲ್ಲ, ಎಂಜಿನ್ ಮೇಲೆ ನೀರು ಸುರಿದವನು ನಾನೇ, ಅವನು ಮನೆಗೇ ಬಂದು ಅದನ್ನು ತೋರಿಸಿಕೊಟ್ಟ ಎಂದೆ. ಹಾಳು ಗಂಟಲು ಅವತ್ತೇ ಏಳಲಿಲ್ಲ. ರಬ್ಬರ್ ನೋಡದೆ ಬಿಟ್ಟದ್ದು ತನ್ನ ತಪ್ಪು ಎಂದು ನಜೀರನೂ ಹೇಳಿದ. ಅವನು ಅದನ್ನು ಹೇಳಬೇಕಾದ ಗರಜಿರಲಿಲ್ಲ.

ಸ್ಟ್ಯಾಂಡಿನ ಹಿರಿಯ ರಾಮು ಅದನ್ನೇ ಹಿಡಿದುಕೊಂಡ. "ಕೇಳಿಸ್ಕೊಂಡ್ರಾ? ತಪ್ಪು ನಂದೇ ಅಂತ ಅವನೇ ಒಪ್ಕೊಂಡ. ಮನೆವರೆಗೂ ಹೋಗಿ ಅಮರಪ್ಪನ್ನ ಹೆದರ್ಸಿ ಕರ್ಕೊಂಡ್ ಬಂದವ್ನೆ."

ನಾನು ಕಿರುಚಿದೆ, ದೇವರಾಣೆ ಹಾಕಿದೆ. ಅವನ ಬಾಯಲ್ಲಿ ಬರೀ ಸುಳ್ಳು ಎಂದು ಎರಡು ತಿಂಗಳು ಹೇಳಿದವನು ನೀನೇ ಅಲ್ಲವೇ ಎಂದು ನನಗೇ ತಿರುಗಿಸಿ ಕೇಳಿದರು. ನಜೀರ್ ಎಲ್ಲ ಕೇಳಿಸಿಕೊಂಡ. ನನ್ನ ಮುಖ ನೋಡದೆ ಸ್ಕೂಟರ್ ಒದ್ದು ಹೊರಟುಹೋದ.

ಮರುದಿನ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಅರ್ಧ ಮೀಸೆ ಬೋಳಿಸಿದೆ. ಹಾಗೇ ಸ್ಟ್ಯಾಂಡಿಗೆ ಹೋಗಿ, ನಜೀರನಿಗೆ ಕೊಟ್ಟ ಮಾತು ಇದು, ಸೋತಿದ್ದೇನೆ, ಈಗಲಾದರೂ ನಂಬಿ ಎಂದೆ. ರಾಮು ಹತ್ತಿರ ಬಂದು ನನ್ನ ಮುಖ ನೋಡಿದ. ಅವನ ಕಣ್ಣಲ್ಲಿ ನಿಜವಾದ ಮರುಕವಿತ್ತು.

"ಪಾಪ ಕಣೋ ಅಮರಪ್ಪ," ಎಂದ. "ಆ ಕಳ್ಳ ನಿನ್ ಮೀಸೆನೂ ಬಿಡ್ಲಿಲ್ವಲ್ಲ."